ಮಣ್ಣಿನ ಕಪ್ಪು, ಬೆಳ್ಳಿ ಕಪ್ಪು

ತಂಗಿಗೆ ಕ್ರೀಡಾ ವಸತಿನಿಲಯದಿಂದ ಕಾಗದ ಬಂದ ದಿನ ನಮ್ಮ ಮನೆಯಲ್ಲಿ ಜಗಳವಾಯಿತು. ಕಾಗದ ಓದಿದವನು ನಾನು. ಮನೆಗೆ ಬಂದ ಕಾಗದ ಓದುವುದು ನನ್ನ ಕೆಲಸ, ಯಾಕೆಂದರೆ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವ ನಾನು. ಎಂಟುನೂರು ಮೀಟರ್ ಓಟದಲ್ಲಿ ಅವಳ ಆಯ್ಕೆಯಾಗಿದೆ, ಇಂಥ ತಾರೀಖಿಗೆ ಹಾಸಿಗೆ, ಹೊದಿಕೆ, ಶಾಲೆಯ ದಾಖಲೆ, ಜಾತಿ ಪ್ರಮಾಣಪತ್ರ ತೆಗೆದುಕೊಂಡು ಹಾಜರಾಗಬೇಕು ಅಂತ ಬರೆದಿತ್ತು. ಅವ್ವ ಹಿಗ್ಗಿದಳು. ಅಪ್ಪ ಹೊಲಿಯುತ್ತಿದ್ದ ಚಪ್ಪಲಿ ಬದಿಗಿಟ್ಟು, 'ಊಟಾ ಅವರದs?' ಅಂತ ಒಂದೇ ಮಾತು ಕೇಳಿದ. ಮೂಲೆಯಲ್ಲಿ ಗ್ವಾಡಿಗೆ ಆತು ಕೂತಿದ್ದ ಸೋದರಮಾವ ಮಾತ್ರ ತಲೆ ಎತ್ತಲಿಲ್ಲ.

'ಕಳಸಬ್ಯಾಡ್ರಿ' ಅಂದ.

'ಯಾಕ?' ಅಂದಳು ಅವ್ವ.

'ಓಡಿ ಏನ ಮಾಡ್ತಾಳ? ನಾ ಓಡಿ ಏನ ಮಾಡೇನಿ?'

ಆ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. ತಂಗಿ ಎದ್ದು ಹೊರಗೆ ಹೋದಳು. ಅವ್ವ ಮಾವನಿಗೆ ಬೈದಳು. ನಾನು, ಕವಿತೆ ಬರೆಯುವವನು, ಸಭೆಗಳಲ್ಲಿ ಮೈಕಿನ ಮುಂದೆ ನಿಂತು ವ್ಯವಸ್ಥೆಯ ಬೇರು ಕೀಳುವವನು, ಅವತ್ತು ಬಾಯಿ ಮುಚ್ಚಿಕೊಂಡು ಕೂತೆ.

ಮಾವನ ಕತೆ ಹೇಳದೆ ಮುಂದಿನ ಮಾತು ಹೇಳಲಿಕ್ಕೆ ಬರುವುದಿಲ್ಲ. ಹರೆಯದಲ್ಲಿ ಅವನು ನಮ್ಮ ಸೀಮೆಗೆ ಹೆಸರಾದ ಓಟಗಾರ. ಜಾತ್ರೆಯ ಓಟ, ತಾಲೂಕು, ಜಿಲ್ಲೆ, ವಿಭಾಗ ಎಲ್ಲವನ್ನೂ ಬರಿಗಾಲಲ್ಲಿ ಗೆದ್ದು ಮೈಸೂರಿನ ದಸರಾ ಕ್ರೀಡಾಕೂಟದ ತನಕ ಹೋಗಿ ಬಂದವನು. ನವಲಗುಂದದ ಕಡೆ ಎರೆಮಣ್ಣು ಹೇಗೆ ಅಂತ ಬಲ್ಲವರಿಗೆ ಗೊತ್ತು. ಮಳೆ ಬಿದ್ದರೆ ಒಂದೊಂದು ಹೆಜ್ಜೆಗೂ ಒಂದೊಂದು ಸೇರು ಕೆಸರು ಕಾಲಿಗೆ ಮೆತ್ತುತ್ತದೆ. ಆ ಕೆಸರಿನಲ್ಲಿ ಓಡಿ ಬೆಳೆದವನಿಗೆ ಗ್ರೌಂಡಿನ ಓಟ ಹೂ ಎತ್ತಿದಂತೆ ಇರುತ್ತಿತ್ತಂತೆ. ಒಂದು ಸಲ ಐದು ಸಾವಿರ ಮೀಟರಿನಲ್ಲಿ ಗೆದ್ದು ಬೆಳ್ಳಿ ಬಣ್ಣದ ದೊಡ್ಡ ಕಪ್ಪು ತಂದ. ಊರ ಕಟ್ಟೆಯ ಮುಂದೆ ಸನ್ಮಾನ ಮಾಡಿದರು. ಉಳಿದವರಿಗೆ ಹಾರ ಕೊರಳಿಗೆ ಬಿತ್ತು. ಮಾವನಿಗೆ ಹಾರ ಕೈಗೆ ಬಂತು, ಅದೂ ಮೇಲಿನಿಂದ ಬಿಟ್ಟಂತೆ. ಅವನೇ ಅದನ್ನು ಕೊರಳಿಗೆ ಹಾಕಿಕೊಂಡ. ಜನ ಚಪ್ಪಾಳೆ ತಟ್ಟಿದರು. ತನ್ನ ಸನ್ಮಾನವನ್ನು ತಾನೇ ಮಾಡಿಕೊಂಡವನು ಅಂತ ಮಾವ ಇವತ್ತಿಗೂ ನಗುತ್ತಾನೆ. ಅವನು ನಗುವುದಕ್ಕೆ ನನಗೆ ಸಿಟ್ಟು ಬರುತ್ತದೆ.

ಆಮೇಲೆ ನೌಕರಿಗೆ ಅರ್ಜಿ ಹಾಕಿದ. ಆಟದ ಕೋಟಾದಲ್ಲಿ ಕೆಲಸ ಸಿಗುತ್ತದೆ ಅಂತ ಯಾರೋ ಹೇಳಿದ್ದರು. ಒಂದು ಕಚೇರಿಯಲ್ಲಿ ಕಾಗದ ನೋಡಿ, 'ನೀ ಗೆದ್ದದ್ದು ಖರೆ, ಆದ್ರ ಈ ಸರ್ಟಿಫಿಕೇಟು ನಮ್ಮ ಲಿಸ್ಟಿನ್ಯಾಗ ಬರೂದಿಲ್ಲ' ಅಂದರು. ಇನ್ನೊಂದರಲ್ಲಿ ಮೆಟ್ರಿಕ್ ಬೇಕು ಅಂದರು. ಇವನು ಓಡುವುದಕ್ಕೆ ಅಂತ ಸಾಲಿ ಬಿಟ್ಟಿದ್ದ. ಮತ್ತೊಂದರಲ್ಲಿ ವಯಸ್ಸು ಮೀರಿತು ಅಂದರು. ಅಷ್ಟರೊಳಗೆ ಮೊಣಕಾಲು ಹೋಯಿತು. ಈಗ ಅವಳಿನಗರದ ಒಂದು ಗ್ರೌಂಡಿನಲ್ಲಿ ಗುತ್ತಿಗೆ ಆಳು. ನಸುಕಿನಲ್ಲಿ ಎದ್ದು ಕ್ರಿಕೆಟ್ ಪಿಚ್ಚಿನ ಮೇಲೆ ರೂಲು ಎಳೆಯುತ್ತಾನೆ, ನೀರು ಹೊಡೆಯುತ್ತಾನೆ, ಸುಣ್ಣದ ಗೆರೆ ಹಾಕುತ್ತಾನೆ. ಓಡುವ ಹುಡುಗರಿಗೆ ಗೆರೆ ಹಾಕಿಕೊಡುವುದು ಅವನೇ. ಬೆಳ್ಳಿ ಬಣ್ಣದ ಆ ಕಪ್ಪು ನಮ್ಮ ಮನೆಯಲ್ಲಿದೆ. ಅವ್ವ ಅದರಲ್ಲಿ ಜೋಳ ಅಳೆಯುತ್ತಾಳೆ.

ಜಗಳವಾದ ಮರುದಿನ ನಸುಕಿನಲ್ಲಿ ನಾನು ಆ ಗ್ರೌಂಡಿಗೆ ಹೋದೆ. ಮಾವನ ಜೊತೆ ರೂಲಿಗೆ ಕೈ ಹಚ್ಚಿದೆ. ಎಳೆಯುತ್ತ ಎಳೆಯುತ್ತ ಒಂದು ಕತೆ ಹೇಳಿದೆ. ಗೆಳೆಯರೇ, ಆ ಕತೆಯನ್ನು ನಿಮಗೂ ಹೇಳಬೇಕು. ಯಾಕೆಂದರೆ ಅದು ಹುಟ್ಟಿದ್ದು ಇದೇ ಧಾರವಾಡದಲ್ಲಿ.

ಧಾರವಾಡ ಅಂದರೆ ಏನು ಅಂತ ಸಾಲಿಯ ಹುಡುಗರನ್ನು ಕೇಳಿರಿ. ಫೇಡೆ ಅನ್ನುತ್ತಾರೆ, ಮಳೆ ಅನ್ನುತ್ತಾರೆ, ಬೇಂದ್ರೆ ಅನ್ನುತ್ತಾರೆ, ಮಲ್ಲಿಕಾರ್ಜುನ ಮನಸೂರ ಅನ್ನುತ್ತಾರೆ. ಒಂದು ಹೆಸರನ್ನು ಮಾತ್ರ ಅನ್ನುವುದಿಲ್ಲ: ಪಳವಣಕರ ಬಾಳೂ. ನಾನೂ ಈ ಊರಿನಲ್ಲೇ ಹಾಸ್ಟೆಲ್ಲಿನಲ್ಲಿದ್ದು ಮೂರು ವರ್ಷ ಓದಿದವನು. ಯಾವ ಮೇಷ್ಟ್ರೂ ಹೇಳಲಿಲ್ಲ, ಯಾವ ಪುಸ್ತಕದಲ್ಲೂ ಇರಲಿಲ್ಲ. ಕೊನೆಗೆ ರಾಮಚಂದ್ರ ಗುಹಾ 2002ರಲ್ಲಿ ಬರೆದ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' ಎಂಬ ಇಂಗ್ಲಿಷ್ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಓದುವಾಗ 'ಧಾರವಾಡ' ಅನ್ನುವ ಶಬ್ದ ಕಣ್ಣಿಗೆ ಬಿತ್ತು. ಎರಡು ಸಲ ಓದಿದೆ. ನಮ್ಮದೇ ಊರು. ನಮ್ಮದೇ ಕುಲಕಸುಬು.

1870ರ ದಶಕದ ನಡುವೆ ಬಾಳೂ ಹುಟ್ಟಿದ್ದು ಧಾರವಾಡದಲ್ಲಿ, ಚಮ್ಮಾರ ಮನೆತನದಲ್ಲಿ. ಮೂಲ ಕೊಂಕಣದವರು, ಮನೆಮಾತು ಮರಾಠಿ; ತಂದೆ ಸೈನ್ಯದ ಕೆಲಸದಲ್ಲಿದ್ದ. ಬೆಳೆದದ್ದು ಪುಣೆಯಲ್ಲಿ. ಅಧಿಕಾರಿಗಳು ಬಿಸಾಕಿದ ಬ್ಯಾಟು-ಬಾಲಿನಿಂದ ಅಣ್ಣತಮ್ಮಂದಿರು ಆಟ ಕಲಿತರು. ಬಾಳೂ ಅವರ ಮೊದಲ ಕೆಲಸ ಏನು ಗೊತ್ತೇ? ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ರೂಲು ಎಳೆಯುವುದು. ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಬಿಳಿಯರ ಪೂನಾ ಕ್ಲಬ್ಬಿಗೆ ಬಂದರು. ಅಲ್ಲಿ ಸಂಬಳ 4 ರೂಪಾಯಿ.

ಇಲ್ಲಿಗೆ ಬಂದಾಗ ಮಾವ ರೂಲು ನಿಲ್ಲಿಸಿದ. 'ಇದನ್ನs ಎಳೀತಿದ್ದನೇನು?' ಅಂದ. 'ಇದನ್ನs' ಅಂದೆ. ಮಾವ ರೂಲಿನ ಹಿಡಿಕೆಯನ್ನು ಒಮ್ಮೆ ನೋಡಿ ಮತ್ತೆ ಎಳೆಯತೊಡಗಿದ.

ಬಾಳೂ ಪಿಚ್ ಸಜ್ಜು ಮಾಡುವುದು, ಬಲೆ ಕಟ್ಟುವುದು ಮುಗಿದ ಮೇಲೆ ಸಾಹೇಬರಿಗೆ ಬಾಲು ಹಾಕಬೇಕಾಗಿತ್ತು. ಎಡಗೈ, ನಿಧಾನದ ಬಾಲು. ನೆಲಕ್ಕೆ ಬಿದ್ದ ಮೇಲೆ ತಿರುಗುವಂಥದು. ಗ್ರೇಗ್ ಅನ್ನುವ ಹೆಸರಾಂತ ಇಂಗ್ಲಿಷ್ ಬ್ಯಾಟ್ಸಮನ್ ದಿನಾ ಬೆಳಿಗ್ಗೆ ಉಳಿದವರಿಗಿಂತ ಮೊದಲೇ ಬಂದು ಬಾಳೂ ಕೈಯಿಂದ ಬಾಲು ಹಾಕಿಸಿಕೊಳ್ಳುತ್ತಿದ್ದ, ತಾನು ಔಟಾದಾಗೆಲ್ಲ ಎಂಟಾಣೆ ಕೊಡುತ್ತಿದ್ದ ಅಂತ ಹೇಳುತ್ತಾರೆ. ಗಂಟೆಗಟ್ಟಲೆ, ವರ್ಷಗಟ್ಟಲೆ ಬಾಲು ಹಾಕಿದವನ ಕೈಗೆ ಒಂದು ದಿನವೂ ಬ್ಯಾಟು ಕೊಡಲಿಲ್ಲ. ಬ್ಯಾಟು ಹಿಡಿಯುವುದು ದೊಡ್ಡವರ ಕೆಲಸ; ಬಾಲು ಹಾಕಿ ಬೆವರುವುದು ಆಳಿನ ಕೆಲಸ. ಆಟದಲ್ಲೂ ವರ್ಣಾಶ್ರಮ ಇರುತ್ತದೆ ನೋಡಿರಿ.

ಬಿಳಿಯರನ್ನು ಸೋಲಿಸಬೇಕು ಅಂತ ಪುಣೆಯ ಹಿಂದೂಗಳಿಗೆ ಹಟವಿತ್ತು. ಬಿಳಿಯರ ಬಲೆಯಲ್ಲಿ ಬಾಲು ಹಾಕುವವನೇ ಬೇಕು ಅನ್ನಿಸಿತು. ಅಸ್ಪೃಶ್ಯನನ್ನು ಸೇರಿಸಿಕೊಳ್ಳಬೇಕೋ ಬೇಡವೋ ಅಂತ ವಾದ ನಡೆಯಿತು. ಕೊನೆಗೆ ಗೆಲ್ಲುವ ಆಸೆ ಮಡಿಯನ್ನು ಸೋಲಿಸಿತು. ಆದರೆ ಅರ್ಧ ಮಾತ್ರ. ಮೈದಾನದಲ್ಲಿ ಬಾಳೂ ಮುಟ್ಟಿದ ಬಾಲನ್ನೇ ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಉಳಿದವರು ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರು. ಬಾಳೂ ಹೊರಗೆ, ಕುಡಿದು ಬಿಸಾಕುವ ಮಣ್ಣಿನ ಕಪ್ಪಿನಲ್ಲಿ. ಊಟಕ್ಕೆ ಬೇರೆ ತಾಟು, ಬೇರೆ ಜಾಗ. ಮುಖ ತೊಳೆಯಬೇಕೆಂದರೆ ಅಸ್ಪೃಶ್ಯ ಆಳೇ ದೂರದಲ್ಲಿ ನೀರು ತಂದುಕೊಡಬೇಕು.

ಚರ್ಮದ ಕೆಲಸ ಮಾಡುವವನ ಮಗನಾಗಿ ನಾನು ಒಂದು ಮಾತು ಕೇಳುತ್ತೇನೆ. ಕ್ರಿಕೆಟ್ ಬಾಲು ಯಾವುದರದು? ಚರ್ಮದ್ದು. ನಮ್ಮಪ್ಪನ ಅಡಿಗಲ್ಲಿನ ಮೇಲಿರುವ ಚರ್ಮವನ್ನು ಕಂಡರೆ ಮೂಗು ಮುಚ್ಚುವ ಕೈಗಳು ಅದೇ ಚರ್ಮ ದುಂಡಗಾಗಿ ಕೆಂಪಾಗಿ ಬಂದರೆ ಎಂಜಲು ಹಚ್ಚಿ, ಪ್ಯಾಂಟಿಗೆ ಉಜ್ಜಿ ಫಳಫಳ ಹೊಳೆಸುತ್ತಿದ್ದವು. ಬಾಲಿಗೆ ಇಲ್ಲದ ಮೈಲಿಗೆ ಬಾಲು ಹಾಕಿದವನಿಗೆ ಎಲ್ಲಿಂದ ಬಂತು? ಇದಕ್ಕೆ ಯಾವ ಶಾಸ್ತ್ರದಲ್ಲಿ ಉತ್ತರವಿದೆ?

ಪುಣೆಯಿಂದ ಬಾಳೂ ಮುಂಬೈಗೆ ಬಂದರು. ಅಲ್ಲಿ ಹಿಂದೂ ಜಿಮಖಾನಾದಲ್ಲೂ ವಿರೋಧ ಎದ್ದಿತು, ಅಲ್ಲೂ ಆಟವೇ ಗೆದ್ದಿತು. ರೈಲ್ವೆಯಲ್ಲಿ ನೌಕರಿಯೂ ಸಿಕ್ಕಿತು. 1906ರಲ್ಲಿ ಮುಂಬೈಯಲ್ಲಿ ಹಿಂದೂ ತಂಡ ಬಿಳಿಯರ ತಂಡವನ್ನು 109 ರನ್ನಿನಿಂದ ಸೋಲಿಸಿತು. ಆ ತಂಡದಲ್ಲಿ ಬಾಳೂ ಇದ್ದರು, ತಮ್ಮ ಶಿವರಾಮನೂ ಇದ್ದ. ಸುಧಾರಣಾವಾದಿ ಪತ್ರಿಕೆಗಳು ಈ ಗೆಲುವನ್ನು ಹೊಗಳಿ ಬರೆದವು. ಹೊರಗೆ ಕೂತು ಚಹಾ ಕುಡಿದವನು ಈಗ ಒಳಗೆ ಕೂತು ಉಣ್ಣುತ್ತಾನೆ, ದೇಶ ಬದಲಾಗುತ್ತಿದೆ ಅಂದವು.

1911ರಲ್ಲಿ ಇಡೀ ಭಾರತದ ಹೆಸರಿನಲ್ಲಿ ಮೊದಲ ತಂಡ ಇಂಗ್ಲೆಂಡಿಗೆ ಹೋಯಿತು. ಕ್ಯಾಪ್ಟನ್ ಪಟಿಯಾಲದ ಮಹಾರಾಜ. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಧಾರವಾಡದಲ್ಲಿ ಹುಟ್ಟಿದ ಈ ಚಮ್ಮಾರ, ಆಗ ಮೂವತ್ತೈದರ ಆಸುಪಾಸಿನವರು, ಆ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಒಂದೊಂದು ವಿಕೆಟ್ಟಿಗೆ ಕೊಟ್ಟ ರನ್ನು ಸರಾಸರಿ 18.84. ಮೊದಲ ದರ್ಜೆಯ ಪಂದ್ಯಗಳ ಲೆಕ್ಕ ತೆಗೆದರೆ ಜೀವಮಾನದಲ್ಲಿ 33 ಪಂದ್ಯ, 179 ವಿಕೆಟ್. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಅಷ್ಟೊತ್ತಿಗೆ ಬಾಳೂ ಅವರ ಬಾಲಿನ ದಿನಗಳು ಮುಗಿದಿದ್ದವು.

ಊರಿಗೆ ಬಂದಾಗ ಮುಂಬೈಯ ಅಸ್ಪೃಶ್ಯ ಜನ ಸೇರಿ ಸನ್ಮಾನ ಮಾಡಿದರು. ಆ ಸಭೆಯ ಮಾನಪತ್ರಕ್ಕೆ ಕೈ ಹಚ್ಚಿದವರಲ್ಲಿ ಇನ್ನೂ ಬಿ.ಎ. ಓದುತ್ತಿದ್ದ ಒಬ್ಬ ಹುಡುಗನಿದ್ದ ಅಂತ ಹೇಳುತ್ತಾರೆ. ಆ ಹುಡುಗನ ಹೆಸರು ಭೀಮರಾವ್ ಅಂಬೇಡ್ಕರ್.

ಇಷ್ಟು ಮಾಡಿದವನನ್ನು ಹಿಂದೂ ತಂಡದ ಕ್ಯಾಪ್ಟನ್ ಮಾಡಬೇಕಿತ್ತಲ್ಲ? ಮಾಡಲಿಲ್ಲ. 1913ರಲ್ಲಿ ಕ್ಯಾಪ್ಟನ್ ಆದ ಎಂ.ಡಿ. ಪೈ ಅವರೇ, ಈ ಗೌರವ ಬಾಳೂಗೆ ಸಲ್ಲಬೇಕಾಗಿತ್ತು ಅಂತ ಬಹಿರಂಗವಾಗಿ ಹೇಳಿದರು. ಆದರೂ ಇಲ್ಲ. 1920ರಲ್ಲಿ ಪೈ ಕಾಯಿಲೆ ಬಿದ್ದಾಗ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟು ಬೇರೆಯವರನ್ನು ಕ್ಯಾಪ್ಟನ್ ಮಾಡಿದರು. ಆಗ ತಮ್ಮಂದಿರಾದ ಶಿವರಾಮ, ವಿಠ್ಠಲ ಇಬ್ಬರೂ ತಂಡ ಬಿಟ್ಟು ಹೊರಬಂದರು. ಜಾತಿಯ ಕಾರಣಕ್ಕೆ ಹೀಗೆ ಮಾಡಿದ್ದೀರಿ ಅಂತ ಹೇಳಿಯೇ ಹೊರಬಂದರು. ಗೆಳೆಯರೇ, ನಾವು ಬಂಡಾಯ ಅನ್ನುವ ಶಬ್ದವನ್ನು ಇಷ್ಟು ಬಳಸುತ್ತೇವಲ್ಲ, ನೂರು ವರ್ಷದ ಹಿಂದೆ ಬಿಳಿ ಪ್ಯಾಂಟು ಹಾಕಿಕೊಂಡ ಇಬ್ಬರು ಚಮ್ಮಾರರು ಅದನ್ನು ಮಾಡಿ ತೋರಿಸಿದ್ದರು. ಗಲಾಟೆ ಎದ್ದ ಮೇಲೆ ಬಾಳೂ ಅವರನ್ನು ವೈಸ್ ಕ್ಯಾಪ್ಟನ್ ಮಾಡಿದರು. ಫೈನಲ್ ಪಂದ್ಯದಲ್ಲಿ ಪೈ ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೋದರು. ಅಷ್ಟು ಹೊತ್ತು ಬಾಳೂ ತಂಡ ನಡೆಸಿದರು. ಇಪ್ಪತ್ತು ವರ್ಷದ ದುಡಿಮೆಗೆ ಸಿಕ್ಕ ಕೂಲಿ ಅದು. 1923ರಲ್ಲಿ ತಮ್ಮ ವಿಠ್ಠಲ ಪೂರ್ತಿ ಕ್ಯಾಪ್ಟನ್ ಆದ. ಆ ವರ್ಷ ಹಿಂದೂ ತಂಡ ಗೆದ್ದಾಗ ಮೇಲ್ಜಾತಿಯವರೇ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಆಟದ ಕತೆ ಇಲ್ಲಿಗೆ ಮುಗಿಸಿದರೆ ಸಿನಿಮಾದ ಹಾಗೆ ಚಂದ ಇರುತ್ತದೆ. ಆದರೆ ಆಟಗಾರ ಆಟ ಮುಗಿದ ಮೇಲೂ ಬದುಕಿರುತ್ತಾನೆ. ಆ ಕತೆಯನ್ನು ಯಾರೂ ಕೇಳುವುದಿಲ್ಲ.

ಬಾಳೂ ರಾಜಕೀಯಕ್ಕೆ ಬಂದರು. 1932ರಲ್ಲಿ ಬಾಬಾಸಾಹೇಬರು ಪ್ರತ್ಯೇಕ ಮತಕ್ಷೇತ್ರ ಬೇಕು ಅಂದಾಗ ಬಾಳೂ ಎದುರು ಪಾಳೆಯದಲ್ಲಿ, ಎಂ.ಸಿ. ರಾಜಾ ಅವರ ಕಡೆ ಇದ್ದರು. ಪುಣೆ ಒಪ್ಪಂದದ ಸಹಿಗಳಲ್ಲಿ ಬಾಬಾಸಾಹೇಬರ ಸಹಿಯೂ ಇದೆ, ಬಾಳೂ ಅವರ ಸಹಿಯೂ ಇದೆ. 1937ರ ಮುಂಬೈ ಪ್ರಾಂತದ ಚುನಾವಣೆಯಲ್ಲಿ ಕಾಂಗ್ರೆಸ್ಸು ಬಾಬಾಸಾಹೇಬರ ವಿರುದ್ಧ ನಿಲ್ಲಿಸಿದ್ದು ಇದೇ ಬಾಳೂ ಅವರನ್ನು. ಬಾಬಾಸಾಹೇಬರಿಗೆ 13,245 ಮತ, ಬಾಳೂ ಅವರಿಗೆ 11,225. ಮಾನಪತ್ರದ ಹುಡುಗ ತಾನು ಮೆಚ್ಚಿದ ಆಟಗಾರನನ್ನು 2,020 ಮತಗಳಿಂದ ಸೋಲಿಸಿದ.

ಹಾಸ್ಟೆಲ್ಲಿನಲ್ಲಿದ್ದಾಗ ಒಂದು ಸಲ ಏಪ್ರಿಲ್ 14ರ ಕಾರ್ಯಕ್ರಮಕ್ಕೆ ಬಾಳೂ ಅವರ ಫೋಟೋವನ್ನೂ ಇಡೋಣ, ಇದೇ ಊರಲ್ಲಿ ಹುಟ್ಟಿದವರು ಅಂದಿದ್ದೆ. ಒಬ್ಬ ಗೆಳೆಯ ಎದ್ದು ನಿಂತ. 'ಬಾಬಾಸಾಹೇಬರ ವಿರುದ್ಧ ಎಲೆಕ್ಷನ್ನಿಗೆ ನಿಂತಾಂವನ ಫೋಟೋ ನಮ್ಮ ಗ್ವಾಡಿ ಮ್ಯಾಲ ಯಾಕ ಬೇಕಲೇ?' ಅಂದ. ಎಲ್ಲರೂ ಹೌದು ಅಂದರು. ನಾನು ಫೋಟೋ ಮಡಚಿ ಚೀಲಕ್ಕೆ ಹಾಕಿದೆ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಬಾಬಾಸಾಹೇಬರು 1928ರಲ್ಲಿ ಕಟ್ಟಿದ ಶಿಕ್ಷಣ ಸಂಘ ಪನವೇಲ, ಠಾಣೆ, ನಾಸಿಕ, ಪುಣೆಗಳ ಜೊತೆಗೆ ಧಾರವಾಡದಲ್ಲೂ ನಮ್ಮ ಮಕ್ಕಳಿಗೆ ವಸತಿನಿಲಯ ನಡೆಸಿತು. ಧಾರವಾಡದ ದಲಿತ ಹುಡುಗ ಓದಿದ್ದು ಆ ಅನ್ನದಿಂದ, ಬಾಳೂ ತೆಗೆದ ವಿಕೆಟ್ಟಿನಿಂದ ಅಲ್ಲ. ನಾನು ಬಾಬಾಸಾಹೇಬರ ಕಡೆಯವನು. ಇದರಲ್ಲಿ ಅನುಮಾನವಿಲ್ಲ.

ಆದರೂ ಆ ಫೋಟೋ ಮಡಚಿದ್ದು ಸರಿಯಲ್ಲ ಅಂತ ಈಗ ಅನ್ನಿಸುತ್ತದೆ. ಬಾಳೂ ಹೊರಗೆ ಕೂತು ಮಣ್ಣಿನ ಕಪ್ಪಿನಲ್ಲಿ ಚಹಾ ಕುಡಿದರು. ಸಿಟ್ಟು ಮಾಡಲಿಲ್ಲ, ಚೆನ್ನಾಗಿ ಬಾಲು ಹಾಕಿದರು. ಆಮೇಲೆ ಒಳಗೆ ಕರೆದರು. ಮತ್ತೂ ಕಾದರು, ತಮ್ಮ ಕ್ಯಾಪ್ಟನ್ ಆದ. ಕಾದರೆ ಬಾಗಿಲು ತೆರೆಯುತ್ತದೆ ಅಂತ ಅವರ ಇಡೀ ಬದುಕೇ ಅವರಿಗೆ ಪಾಠ ಹೇಳಿತ್ತು. ಬಾಬಾಸಾಹೇಬರಿಗೆ ಕಂಡದ್ದು ಬೇರೆ. ಒಬ್ಬ ಬಾಳೂಗೆ ಬಾಗಿಲು ತೆರೆಯಬಹುದು, ಯಾಕೆಂದರೆ ಆ ಬಾಳೂ ಇಲ್ಲದೆ ತಂಡ ಗೆಲ್ಲುವುದಿಲ್ಲ. ವಿಕೆಟ್ ತೆಗೆಯಲಿಕ್ಕೆ ಬಾರದ ಸಾವಿರ ಸಾವಿರ ಜನ ಕೇರಿಯಲ್ಲಿದ್ದಾರಲ್ಲ, ಅವರಿಗೆ ಯಾವ ಬಾಗಿಲು? ಮನುಷ್ಯ ಒಂದು ಕಪ್ಪು ಚಹಾಕ್ಕೆ 114 ವಿಕೆಟ್ ತೆಗೆಯಬೇಕೇನು? ಬಾಳೂ ಅವರ ಸೋಲು ಇರುವುದು ಅಲ್ಲಿ. ಅದನ್ನು ದ್ರೋಹ ಅಂತ ಕರೆದು ಕೈ ತೊಳೆದುಕೊಳ್ಳುವುದು ಸುಲಭ. ದೇವರು ಮಾಡಿ ಪೂಜೆ ಮಾಡುವುದೂ ಸುಲಭ. ನಾವು ಎರಡನ್ನೂ ಮಾಡಬಾರದು.

ಇನ್ನೊಂದು ಮಾತು. ಆಟಗಾರನ ಮೈಯಲ್ಲಿ ಶಕ್ತಿ ಇದ್ದಾಗ ತಂಡ ಅವನನ್ನು ಬಳಸುತ್ತದೆ. ಮೈ ಸೋತ ಮೇಲೆ ಪಕ್ಷ ಅವನ ಹೆಸರನ್ನು ಬಳಸುತ್ತದೆ. ಮುಂಬೈಯ ಊರಾಳಿಕೆಯ ಚುನಾವಣೆಗೆ ಹಿಂದೂ ಮಹಾಸಭೆ ಅವರ ಹೆಸರನ್ನು ಬಳಸಿತು, ವಿಧಾನಸಭೆಗೆ ಕಾಂಗ್ರೆಸ್ ಬಳಸಿತು. 1955ರ ಜುಲೈಯಲ್ಲಿ ಅವರು ತೀರಿಕೊಂಡರು. ಆಮೇಲೆ ಬಳಸಲಿಕ್ಕೆ ಏನೂ ಉಳಿಯಲಿಲ್ಲ, ಆದ್ದರಿಂದ ಮರೆತರು. ವಿಠ್ಠಲ 1948ರಲ್ಲಿ ತನ್ನ ಆಟದ ಬದುಕನ್ನು ಮರಾಠಿಯಲ್ಲಿ ಬರೆದಿಟ್ಟ. ಬರೆಯದೇ ಹೋಗಿದ್ದರೆ ಮಣ್ಣಿನ ಕಪ್ಪಿನ ಜೊತೆ ಎಷ್ಟೋ ಸಂಗತಿ ಒಡೆದು ಹೋಗುತ್ತಿದ್ದವು.

ಇದು ಬಾಳೂ ಒಬ್ಬರ ಕತೆ ಅಲ್ಲ. ಪಕ್ಕದ ಕರಾಡ ಸೀಮೆಯ ಪೈಲ್ವಾನ ಖಾಶಾಬಾ ಜಾಧವ 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಗೆದ್ದ. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ತಂದ ಮೊದಲ ಒಲಿಂಪಿಕ್ ಪದಕ. ಅಲ್ಲಿಗೆ ಹೋಗುವ ಖರ್ಚಿಗೆ ಊರವರ ಹತ್ತಿರ ಕೈಯೊಡ್ಡಿದ್ದ. ಆಮೇಲೆ ಪೊಲೀಸ್ ನೌಕರಿ ಮಾಡಿ, 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅರ್ಜುನ ಪ್ರಶಸ್ತಿ ಬಂದದ್ದು ಸತ್ತು ಹದಿನೈದು ವರ್ಷ ಕಳೆದ ಮೇಲೆ. ಅಮೇರಿಕದ ಕರಿಯ ಓಟಗಾರ ಜೆಸ್ಸಿ ಓವೆನ್ಸ್ 1936ರಲ್ಲಿ ಬರ್ಲಿನ್ನಿನಲ್ಲಿ ಹಿಟ್ಲರನ ಕಣ್ಣೆದುರಿಗೆ ನಾಲ್ಕು ಚಿನ್ನ ಗೆದ್ದ. ಮನೆಗೆ ಬಂದ ಮೇಲೆ ಹೊಟ್ಟೆಪಾಡಿಗೆ ಕುದುರೆಗಳ ಜೊತೆ ಓಡಿದ. ಮನುಷ್ಯರನ್ನೆಲ್ಲ ಸೋಲಿಸಿದ ಮೇಲೆ ಅವನಿಗೆ ಉಳಿದದ್ದು ಕುದುರೆ.

ನಮ್ಮ ಮಗ್ಗುಲಲ್ಲೇ ನೋಡಿರಿ. ಹಳಿಯಾಳ, ಯಲ್ಲಾಪುರ, ಕಲಘಟಗಿಯ ಕಾಡಿನಂಚಿನಲ್ಲಿ ಸಿದ್ದಿಗಳಿದ್ದಾರೆ. ಆಫ್ರಿಕದಿಂದ ಗುಲಾಮರಾಗಿ ತಂದವರ ಮಕ್ಕಳು. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ಒಂದು ವಿಚಾರ ಹೊಳೆಯಿತು: ಇವರದು ಆಫ್ರಿಕದ ಮೈ, ಇವರನ್ನು ಓಡಿಸಿದರೆ ಪದಕ ಬರುತ್ತದೆ. ಕಾಡಿನಿಂದ ಮಕ್ಕಳನ್ನು ಆರಿಸಿ ತಂದು ಅನ್ನ, ಬೂಟು, ತರಬೇತಿ ಕೊಟ್ಟರು. ಮಕ್ಕಳು ಓಡಿದರು, ಪದಕಗಳನ್ನೂ ತಂದರು. 1990ರ ದಶಕದ ಮೊದಲಲ್ಲಿ ಯೋಜನೆ ನಿಂತಿತು. ಕೆಲವರಿಗೆ ಆಟದ ಕೋಟಾದಲ್ಲಿ ನೌಕರಿ ಸಿಕ್ಕಿತು. ಅವರ ಮನೆಗಳಲ್ಲಿ ಈಗ ಮಕ್ಕಳು ಓದುತ್ತಾರೆ. ಉಳಿದವರು ಬಂದ ದಾರಿ ಹಿಡಿದು ಕೂಲಿಗೆ ಹೋದರು. ಒಂದೇ ಗೆರೆಯ ಮೇಲೆ ನಿಂತು ಓಟ ಶುರು ಮಾಡಿದವರು. ಯಾರು ನೌಕರಿಗೆ, ಯಾರು ಕೂಲಿಗೆ ಅನ್ನುವುದನ್ನು ಅವರ ಕಾಲು ತೀರ್ಮಾನಿಸಲಿಲ್ಲ, ಯಾವುದೋ ಕಡತ ತೀರ್ಮಾನಿಸಿತು.

ಎಲ್ಲರದೂ ಹೀಗೇ ಆಗುತ್ತದೆ ಅಂದರೆ ಸುಳ್ಳಾಗುತ್ತದೆ. ಗದಗಿನ ಸುನಿಲ್ ಜೋಶಿ, ಅವರೂ ಎಡಗೈ ಸ್ಪಿನ್ನೇ, ಹುಡುಗನಾಗಿದ್ದಾಗ ನಸುಕಿನಲ್ಲಿ ಗದಗಿನಿಂದ ಹುಬ್ಬಳ್ಳಿಗೆ ಬಂದು ಆಟ ಕಲಿತು ತಿರುಗಿ ಸಾಲಿಗೆ ಹೋಗುತ್ತಿದ್ದರಂತೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರಿನಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದರು. ಆಟ ಬಿಟ್ಟ ಮೇಲೆ ಬಾಂಗ್ಲಾದೇಶಕ್ಕೆ ಸ್ಪಿನ್ ಕಲಿಸಿದರು, 2020ರಲ್ಲಿ ದೇಶದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಅವರ ಬೆವರು ಅವರದು. ಅದರ ಬಗ್ಗೆ ನನಗೆ ಗೌರವವಿದೆ. ನಾನು ಹೇಳುವುದು ಇಷ್ಟೇ: ಆಟದ ಆಚೆಗೂ ಒಂದು ಏಣಿ ಇರುತ್ತದೆ. ಕೋಚ್, ಅಂಪೈರ್, ಆಯ್ಕೆಗಾರ, ಕಾಮೆಂಟರಿ. ಆ ಏಣಿ ಹತ್ತಲಿಕ್ಕೆ ಭಾಷೆ ಬೇಕು, ಕಾಗದ ಬೇಕು, ಪರಿಚಯ ಬೇಕು. ನಮ್ಮವರಿಗೆ ಆಡಲಿಕ್ಕೆ ಮೈದಾನ ಸಿಕ್ಕರೂ ಏಣಿ ಸಿಗುವುದಿಲ್ಲ. ಆಟ ಮುಗಿದ ದಿನ ಮತ್ತೆ ರೂಲಿಗೇ ಬರುತ್ತಾರೆ.

ಇಷ್ಟೆಲ್ಲ ಮಾವನಿಗೆ ಹೇಳುವ ಹೊತ್ತಿಗೆ ಬಿಸಿಲು ಏರಿತ್ತು. ಅವತ್ತು ಅಲ್ಲಿ ಯಾವುದೋ ಟೂರ್ನಮೆಂಟು. ಹುಡುಗರು ಬಂದರು, ಚಹಾ ಬಂತು. ಎಲ್ಲರಿಗೂ ಕಾಗದದ ಕಪ್ಪು, ಮಾವನಿಗೂ ಅದೇ. ಕುಡಿದು ಎಲ್ಲರೂ ಬಿಸಾಕಿದರು. ಈಗ ಎಲ್ಲರದೂ ಬಿಸಾಕುವ ಕಪ್ಪೇ, ಸಮಾನತೆ ಬಂದಂತಾಯಿತಲ್ಲ ಅಂದುಕೊಂಡೆ. ಅಷ್ಟರಲ್ಲಿ ವೇದಿಕೆಯ ಮೇಲಿನ ಅತಿಥಿಗಳಿಗೆ ಪಿಂಗಾಣಿ ಕಪ್ಪು ಬಸಿಯಲ್ಲಿ ಚಹಾ ಹೋಯಿತು. ಬಿಸಾಕಿದ ಕಾಗದದ ಕಪ್ಪುಗಳನ್ನು ಮಾವ ಆರಿಸತೊಡಗಿದ.

ಆರಿಸುತ್ತ ಕೇಳಿದ: 'ಅಲ್ಲೋ, ಆ ಬಾಳೂ ಮುಪ್ಪಾದ ಮ್ಯಾಲ ಏನ ಉಣ್ತಿದ್ದಾ?'

ನಾನು ತಬ್ಬಿಬ್ಬಾದೆ. ಎಷ್ಟು ವಿಕೆಟ್ ತೆಗೆದರು ಅಂತ ಕೇಳಲಿಲ್ಲ, ಯಾರ ವಿರುದ್ಧ ಎಲೆಕ್ಷನ್ನಿಗೆ ನಿಂತರು ಅಂತ ಕೇಳಲಿಲ್ಲ. 'ರೈಲ್ವೆದಾಗ ನೌಕರಿ ಇತ್ತಂತ' ಅಂದೆ.

'ಹಂಗಾರ ಅಂವಾ ಹುಷಾರ ಮನಷ್ಯಾ' ಅಂದ ಮಾವ. ಕಪ್ಪುಗಳನ್ನೆಲ್ಲ ಚೀಲಕ್ಕೆ ತುಂಬಿ ಗಂಟು ಹಾಕಿ ಹೇಳಿದ: 'ಕಳಸ ಆಕೀನ್ನ. ಆದ್ರ ಸಾಲಿ ಬಿಡಸಬ್ಯಾಡ. ಓಡಿದ್ದು ಎಷ್ಟರs ಇರ್ಲಿ, ಕಾಗದಾ ಮೊದಲ ಇಸ್ಕೋ. ಯಾವ ಲಿಸ್ಟಿನ್ಯಾಗ ಬರತೈತಿ ಕೇಳಿ ಇಸ್ಕೋ. ನನಗ ಕೇಳಾಕ ಗೊತ್ತಿರ್ಲಿಲ್ಲ. ನಿನಗ ಗೊತ್ತೈತಿ.'

ಗೆಳೆಯರೇ, ಹಳ್ಳಿ ಸಾಲಿಯ ಮೇಷ್ಟ್ರೇ, ಈ ಮಾತನ್ನು ನಿಮ್ಮ ಮುಂದೆ ಇಡಲಿಕ್ಕೇ ನಾನು ಇಷ್ಟು ಬರೆದದ್ದು. ನಿಮ್ಮ ಸಾಲಿಯಲ್ಲಿ ಬರಿಗಾಲಲ್ಲಿ ಓಡುವ ಒಬ್ಬ ಹುಡುಗ, ಒಬ್ಬ ಹುಡುಗಿ ಇದ್ದೇ ಇರುತ್ತಾರೆ. ಹದಿನೈದನೇ ಆಗಸ್ಟಿಗೆ ಓಡಿಸಿ ಚಪ್ಪಾಳೆ ತಟ್ಟಿ ಬಿಡಬೇಡಿರಿ. ಅವರ ಕಾಗದ ಸರಿ ಮಾಡಿಸಿರಿ. ಓಟದ ಸಲುವಾಗಿ ಪುಸ್ತಕ ಬಿಡದಂತೆ ನೋಡಿರಿ. ಕ್ರೀಡಾ ನಿಲಯದಿಂದ ಹೊರಬಿದ್ದ ಮೇಲೆ ಆ ಮಗು ಎಲ್ಲಿ ಹೋಯಿತು ಅಂತ ಒಂದು ಸಲ ವಿಚಾರಿಸಿರಿ. ಸಂಘಟನೆಯ ಗೆಳೆಯರಿಗೆ ಒಂದು ಮಾತು: ಗ್ರೌಂಡಿನ ಗುತ್ತಿಗೆ ಆಳುಗಳ ಪಗಾರ ಎಷ್ಟು, ರಜೆ ಎಷ್ಟು ಅಂತ ನಾವು ಇನ್ನೂ ಕೇಳಿಲ್ಲ. ಕೇಳಬೇಕು. ಮತ್ತೆ, ಧಾರವಾಡದ ಮಕ್ಕಳಿಗೆ ಬಾಳೂ ಹೆಸರು ಹೇಳಬೇಕು. ಗೆದ್ದದ್ದನ್ನೂ ಹೇಳಬೇಕು, ಬಾಬಾಸಾಹೇಬರ ಎದುರು ಸೋತದ್ದನ್ನೂ ಹೇಳಬೇಕು. ಪೂರ್ತಿ ಹೇಳಬೇಕು.

ತಂಗಿ ಹೋಗುವ ದಿನ ಮಾವ ರಜೆ ಹಾಕಿ ಬಂದಿದ್ದ. ಗುತ್ತಿಗೆ ಆಳಿಗೆ ರಜೆ ಅಂದರೆ ಆ ದಿನದ ಕೂಲಿ ಇಲ್ಲ. ಒಂದು ಪ್ಲಾಸ್ಟಿಕ್ ಫೈಲು ಕೊಂಡು ತಂದಿದ್ದ. ಅದರಲ್ಲಿ ಅವಳ ಕಾಗದಗಳನ್ನು ತಾನೇ ಒಂದೊಂದಾಗಿ ಜೋಡಿಸಿದ. ಓದಲಿಕ್ಕೆ ಸರಿಯಾಗಿ ಬಾರದವನು, ಶಿಕ್ಕಾ ನೋಡಿ ನೋಡಿ ಜೋಡಿಸಿದ. ಆಮೇಲೆ ಒಳಗೆ ಹೋಗಿ ಕಪ್ಪಿನಲ್ಲಿದ್ದ ಜೋಳ ಸುರಿದು, ಒರೆಸಿ ತಂದು ಅವಳ ಮುಂದೆ ಹಿಡಿದ.

'ಒಯ್ಯಿ ಇದನ್ನ' ಅಂದ.

ತಂಗಿ ಕಪ್ಪನ್ನು ಕೈಗೆ ತೆಗೆದುಕೊಂಡು ನೋಡಿದಳು. ತಿರುಗಿ ಅವ್ವನ ಕೈಗೆ ಕೊಟ್ಟಳು.

'ಇಲ್ಲೆ ಇರ್ಲಿ ಮಾಮಾ' ಅಂದಳು. 'ಜ್ವಾಳಾ ಅಳ್ಯಾಕ ಬೇಕಲ್ಲ.'